ಹಿಂದಕ್ಕೆ ಕೊಟ್ಟ ಅರ್ಜಿ

ಇಪ್ಪತ್ತೊಂದನೇ ತಾರೀಖು, ಮಂಗಳವಾರ, ಬೆಳಿಗ್ಗೆ 10.10ಕ್ಕೆ ಪರೀಕ್ಷಾಲಯದ ದೊಡ್ಡ ಡಾಕ್ಟರು ಠಾಣೆಗೆ ಬಂದು ದೂರು ಕೊಟ್ಟರು. ರೋಗಿಗಳ ದೇಹದಿಂದ ತೆಗೆದ ಗಂಟಿನ ಚೂರನ್ನು ಪರೀಕ್ಷಿಸಿ ವರದಿ ಕೊಡುವುದು ಅವರ ಕೆಲಸ. ಅಂಥ ಹನ್ನೊಂದು ವರದಿಗಳು ಮಾಯವಾಗಿದ್ದವು. ಅಳಿಸಿದವಳು ಕೌಂಟರಿನ ಹೆಂಗಸು ಎನ್ನುವುದಕ್ಕೆ ಕಂಪ್ಯೂಟರಿನ ದಾಖಲೆಯನ್ನೂ ಮುದ್ರಿಸಿ ತಂದಿದ್ದರು: ಒಂಬತ್ತನೇ ತಾರೀಖು, ಬೆಳಿಗ್ಗೆ 11.20, ಕೌಂಟರ್ ಯಂತ್ರದಿಂದ ಹನ್ನೊಂದು ಫೈಲು ಅಳಿಸಲಾಗಿದೆ.

ಠಾಣೆಯ ರೈಟರ್ ಅರ್ಜಿಯನ್ನು ಓದಿ ಹಿಗ್ಗಿದ. ಇಪ್ಪತ್ತಾರು ವರ್ಷದಿಂದ ಠಾಣೆಯ ಬರವಣಿಗೆಯೆಲ್ಲ ಅವನದೇ. ಯಾರಿಗೆ, ಯಾರಿಂದ, ವಿಷಯ, ತಾರೀಖು, ಸಹಿ, ಮೊಹರು, ಒಂದೂ ತಪ್ಪಿರಲಿಲ್ಲ. ಮದುಮಗಳ ಹಾಗೆ ಸಿಂಗರಿಸಿಕೊಂಡು ಬಂದ ಅರ್ಜಿ. 10.35ಕ್ಕೆಲ್ಲ ಎಫ್‌ಐಆರ್ ಆಯಿತು. ಕ್ರಮಬದ್ಧವಾದ ಅರ್ಜಿ ಅವನ ಮೇಜಿನ ಮೇಲೆ ಕಾಯುತ್ತಿರಲಿಲ್ಲ. ಕ್ರಮ ತಪ್ಪಿದ್ದಕ್ಕೆ ಆ ಮೇಜಿನಲ್ಲಿ ಜಾಗವೇ ಇರಲಿಲ್ಲ.

ಮಧ್ಯಾಹ್ನ 12ಕ್ಕೆ ಇನ್‌ಸ್ಪೆಕ್ಟರ್ ಮೇಡಂ ರೈಟರನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಪರೀಕ್ಷಾಲಯಕ್ಕೆ ಹೋದರು. ಎಲ್ಲರ ಕಂಪ್ಯೂಟರಿನ ಫೈಲುಗಳೂ ಹೋಗಿ ಕೂರುವ ಸರ್ವರ್ ಎಂಬ ಯಂತ್ರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಪೊರಕೆ ಬಕೆಟ್ಟುಗಳ ಪಕ್ಕ ಗುಂಯ್‌ಗುಡುತ್ತಿತ್ತು. ಅದನ್ನು ನೋಡಿಕೊಳ್ಳುವವನನ್ನು ಅಲ್ಲಿ ಎಲ್ಲರೂ ಸಿಸ್ಟಂ ಸರ್ ಎನ್ನುತ್ತಿದ್ದರು. ಮೆತ್ತಗಿನ ಮನುಷ್ಯ. ಕೇಳುವ ಮೊದಲೇ ಕುರ್ಚಿ ಎಳೆದುಕೊಟ್ಟ, ಕೇಳುವ ಮೊದಲೇ ಉತ್ತರವನ್ನೂ ಕೊಟ್ಟ. ರೈಟರ್ ಪಂಚನಾಮೆ ಬರೆದ. ಆಮೇಲೆ ಕೌಂಟರಿನ ಹೆಂಗಸನ್ನು ಕರೆಸಿದರು.

ಅವಳ ಮುಖ ಕಂಡದ್ದೇ ರೈಟರನ ಪೆನ್ನು ನಿಂತಿತು.

"ಒಂಬತ್ತನೇ ತಾರೀಖು ಹನ್ನೊಂದು ಇಪ್ಪತ್ತಕ್ಕೆ ಎಲ್ಲಿದ್ರಿ?" ಮೇಡಂ ಕೇಳಿದರು.

"ನಿಮ್ಮ ಠಾಣೇಲಿ ಮೇಡಂ."

"ಯಾಕೆ?"

"ವರದಿಗಳು ನನ್ನ ಯಂತ್ರಕ್ಕೆ ಬರ್ತಾನೇ ಇರ್ಲಿಲ್ಲ. ಡಾಕ್ಟರು ಬರೆದಾಯ್ತು ಅಂತಾರೆ, ನೋಡಿದ್ರೆ ಇಲ್ಲ. ಸಿಸ್ಟಂ ಸರ್‌ಗೆ ಪಟ್ಟಿ ಕೊಟ್ಟೆ, ನೋಡೋಣ ಅಂದ್ರು. ಟೈಲರಕ್ಕ ಒಬ್ರು ದಿನಾ ಬಂದು ಬೆಂಚಿನ ಮೇಲೆ ಕಾಯ್ತಿದ್ರು. ನಂಗೆ ತಡ್ಕೊಳೋಕಾಗ್ಲಿಲ್ಲ, ಯಾರಿಗೂ ಹೇಳದೆ ಎದ್ದು ಬಂದೆ. ಈ ರೈಟರ್ ಸರ್ರೇ ನನ್ನ ಅರ್ಜಿ ವಾಪಸ್ ಕೊಟ್ಟಿದ್ದು."

"ಅರ್ಜಿ ಎಲ್ಲಿ?"

"ಬರೋ ದಾರೀಲೇ ಹರಿದು ಹಾಕ್ದೆ. ನಾಚಿಕೆ ಆಯ್ತು."

ಮೇಡಂ ತಿರುಗಿ ನೋಡಿದರು. "ಏನ್ರೀ ರೈಟರೇ?"

"ದಿನಕ್ಕೆ ನೂರು ಜನ ಬರ್ತಾರೆ ಮೇಡಂ. ನೆನಪಿಲ್ಲ."

ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. "ಇದು ಅರ್ಜಿ ಅಲ್ಲಮ್ಮ, ಸೊಸೆ ತವರಿಗೆ ಬರೆದ ಕಾಗದ" ಎಂದಿದ್ದ ಅವನು. ಬೆಂಚಿನ ಮೇಲೆ ಕಾಯುತ್ತಿದ್ದವರು ಗೊಳ್ಳೆಂದು ನಕ್ಕಿದ್ದರು. ಅವಳೂ ನಕ್ಕಂತೆ ಮಾಡಿ ಕಾಗದ ಮಡಚಿಕೊಂಡು ಹೋಗಿದ್ದಳು. ಬಂದವರ ಪುಸ್ತಕದಲ್ಲಿ ಒಂದು ಸಾಲನ್ನೂ ಅವನು ಬರೆದಿರಲಿಲ್ಲ. ಬರೆದರೆ ಕೆಲಸ ಹೆಚ್ಚು, ಮೇಲಿನವರ ಪ್ರಶ್ನೆ ಹೆಚ್ಚು. ದೂರು ಮುಟ್ಟದೆ ವಾಪಸ್ ಕಳಿಸಿದ್ದು ಗೊತ್ತಾದರೆ ಅಮಾನತು, ಅದೂ ನಿವೃತ್ತಿಗೆ ಐದೇ ತಿಂಗಳು ಇರುವಾಗ. ಠಾಣೆಯ ಕ್ಯಾಮೆರಾ ಕೆಟ್ಟು ಎರಡು ತಿಂಗಳಾಗಿತ್ತು. ಅವಳು ಬಂದದ್ದಕ್ಕೆ ಲೋಕದಲ್ಲಿ ಇದ್ದ ಸಾಕ್ಷಿ ಅವನೊಬ್ಬನೇ.

ಇಪ್ಪತ್ಮೂರು, ಗುರುವಾರ, ಮಧ್ಯಾಹ್ನ 3ಕ್ಕೆ ಸೈಬರ್ ವಿಭಾಗದ ತಜ್ಞೆ ಠಾಣೆಗೆ ಬಂದಳು.

"ಫೈಲುಗಳನ್ನ ಅಳಿಸಿದ್ರೋ, ಅವು ಬಂದೇ ಇರ್ಲಿಲ್ವೋ, ಯಂತ್ರ ನೋಡಿ ಹೇಳೋಕಾಗ್ತಿಲ್ಲ ಮೇಡಂ. ಫೈಲಿಡೋ ಜಾಗ ಹೋದ ತಿಂಗಳು ಬದಲಾಗಿದೆ. ಡಾಕ್ಟರ ಕಂಪ್ಯೂಟರು ಮಾತ್ರ ಹಳೇ ವಿಳಾಸದಲ್ಲೇ ಫೈಲಿಡು ಅಂತ ಕೇಳ್ತಿದೆ. ಅಂಥ ಕೋರಿಕೆ ತಪ್ಪು. ತಪ್ಪು ಕೋರಿಕೆ ಬಂದ್ರೆ ಸರ್ವರ್ ಎರಡು ಕೆಲಸ ಮಾಡ್ಬೇಕು. 'ಆಗಲ್ಲ, ಇಂಥ ಕಾರಣಕ್ಕೆ' ಅಂತ ಕೇಳಿದವರಿಗೆ ಹೇಳ್ಬೇಕು. ಯಾರು ಬಂದಿದ್ರು, ಯಾಕೆ ಕಳಿಸಿದೆ ಅಂತ ತನ್ನ ಪುಸ್ತಕದಲ್ಲಿ ಬರೆದಿಡ್ಬೇಕು."

"ಇದು?"

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತಿದೆ. ಎಲ್ಲದಕ್ಕೂ 'ಸರಿ, ಆಯ್ತು' ಅನ್ನೋ ಹಾಗೆ ಯಾರೋ ಮಾಡಿದ್ದಾರೆ. ಪುಸ್ತಕದಲ್ಲಿ ಬರೆಯೋದನ್ನೂ ನಿಲ್ಲಿಸಿದ್ದಾರೆ. ಯಾವಾಗಿಂದ ಅಂತ ತಿಳೀತಿಲ್ಲ. ಮೊನ್ನೆ ಸೋಮವಾರವಷ್ಟೇ ಮಾಡಿದೆ ಅಂತಾರೆ ಸಿಸ್ಟಂ ಸರ್. ಬಂದವರನ್ನ ವಾಪಸ್ ಕಳಿಸೋದು ತಪ್ಪಲ್ಲ ಮೇಡಂ. ಬಂದೇ ಇಲ್ಲ ಅನ್ನೋ ಹಾಗೆ ಮಾಡೋದಿದ್ಯಲ್ಲ, ಅದು ತಪ್ಪು."

ಅವಳು ಯಂತ್ರದ ಮಾತಾಡುತ್ತಿದ್ದಳು. ರೈಟರನ ಕಿವಿ ಕೆಂಪಾಯಿತು.

"ಅಂದ್ರೆ ಎಲ್ಲಾ ಆ 11.20ರ ಮೇಲೆ ನಿಂತಿದೆ," ಎಂದರು ಮೇಡಂ. "ಸೀಟಲ್ಲಿ ಇರ್ಲಿಲ್ಲ ಅನ್ನೋದಕ್ಕೆ ಅವಳ ಹತ್ರ ಸಾಕ್ಷಿ ಇಲ್ಲ. ನಾಲ್ಕಕ್ಕೆ ಕರ್ಕೊಂಡು ಬನ್ನಿ. ಅರೆಸ್ಟ್ ಮೆಮೊ ರೆಡಿ ಮಾಡಿ ರೈಟರೇ."

ರೈಟರ್ ಹಾಳೆ ತೆಗೆದು ಮೇಲೆ ತಾರೀಖು ಬರೆದ. ಮುಂದಕ್ಕೆ ಕೈ ಏಳಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನೆಲ ಯಾರಿಗೂ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ, ಅವನೇ ಬಿಡಬೇಕಾಯಿತು.

"ಬಂದಿದ್ಲು ಮೇಡಂ. ನಾನೇ ಕಳಿಸ್ದೆ. ಗೋಡೆ ಗಡಿಯಾರ ಹನ್ನೊಂದೂ ಕಾಲು ತೋರಿಸ್ತಿತ್ತು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಅರ್ಜೀಲಿ ಏನಿತ್ತು?" ಎಂದಷ್ಟೇ ಕೇಳಿದರು.

"ಹನ್ನೊಂದು ವರದಿ ಕಾಣ್ತಿಲ್ಲ, ವಿಚಾರಿಸಿ ಅಂತ."

"ಹನ್ನೊಂದು ಅಂತಾನೇ?"

"ಹನ್ನೊಂದು ಅಂತಾನೇ."

ಮೇಡಂ ಪೆನ್ನು ಕೆಳಗಿಟ್ಟರು. "11.20ಕ್ಕೆ ಅಳಿಸಿದ್ದು ಅಂತ ದಾಖಲೆ. 11.15ಕ್ಕೇ ಅವು ಇಲ್ಲ ಅಂತ ಇಲ್ಲಿ ಅರ್ಜಿ ಹಿಡ್ಕೊಂಡು ನಿಂತಿದ್ಲು. ನಿಮ್ಮ ಹೇಳಿಕೆ ನೀವೇ ಬರೀರಿ. ಸಹಿ ಹಾಕಿ. ಆಮೇಲೆ ಜೀಪು ಹತ್ತಿ."

ಸಂಜೆ 4.30. ಮೆಟ್ಟಿಲ ಕೆಳಗಿನ ಕೋಣೆ.

"ಆ ದಾಖಲೆಗೆ ಕೈ ಹಾಕೋಕಾಗೋದು ನಿಮಗೊಬ್ಬರಿಗೇ. ಹನ್ನೊಂದು ಅಂತ ನಿಮಗೆ ಹೇಗೆ ಗೊತ್ತಾಯ್ತು?" ಮೇಡಂ ಕೇಳಿದರು.

ಸಿಸ್ಟಂ ಸರ್ ಎಳೆದ ಕುರ್ಚಿಯನ್ನು ಮತ್ತೆ ಒಳಕ್ಕೆ ತಳ್ಳಿದ.

"ಅವಳು ಕೊಟ್ಟ ಪಟ್ಟಿ ಮುಂದಿಟ್ಕೊಂಡೇ ದಾಖಲೆಗೆ ಸಾಲು ಸೇರಿಸಿದ್ರಿ. ಹೌದೋ ಅಲ್ವೋ?"

"ಹೌದು."

"11.20 ಯಾಕೆ?"

"ಅವಳು ಸೀಟು ಬಿಟ್ಟು ಏಳೋಳೇ ಅಲ್ಲ ಮೇಡಂ. ಯಾವ ಹೊತ್ತು ಬರೆದ್ರೂ ನಡೆಯುತ್ತೆ ಅಂದ್ಕೊಂಡೆ."

ಉಳಿದದ್ದು ತಾನಾಗಿಯೇ ಬಂತು. ವಿಳಾಸ ಬದಲಾದ ಮೇಲೆ ದೊಡ್ಡ ಡಾಕ್ಟರ ಪರದೆಯ ಮೇಲೆ ಪದೇ ಪದೇ ಕೆಂಪು ಅಕ್ಷರ ಬರುತ್ತಿತ್ತು: ಕೋರಿಕೆ ಅಮಾನ್ಯ. ಒಂದು ದಿನ ಡಾಕ್ಟರು ರೋಗಿಗಳ ಎದುರಿಗೇ ಕೂಗಾಡಿದರು. "ನಿನ್ನ ಡಬ್ಬ ನನಗೇ ಆಗಲ್ಲ ಅನ್ನುತ್ತಾ? ನಿನಗಿಂತ ಕಸ ಗುಡಿಸೋನು ವಾಸಿ." ಎಲ್ಲರೂ ನಕ್ಕರು. ಆ ಕೆಂಪು ಅಕ್ಷರ ಇನ್ನೊಮ್ಮೆ ಕಾಣಬಾರದು ಅನ್ನಿಸಿತು ಅವನಿಗೆ. ಭಾನುವಾರ ಕೂತು ಸರಿಪಡಿಸೋಣ, ಅಲ್ಲಿಯವರೆಗೆ 'ಆಯ್ತು' ಅನ್ನಲಿ ಎಂದು ಬಿಟ್ಟ. ಮೂರು ಭಾನುವಾರ ಕಳೆದವು. ಅಷ್ಟರಲ್ಲಿ ಹನ್ನೊಂದು ವರದಿಗಳು ಗಾಳಿಗೆ ಹೋಗಿದ್ದವು, ಹೇಳಲು ನಾಚಿಕೆಯಾಗಿ ತಪ್ಪನ್ನು ಕೌಂಟರಿನ ಹೆಂಗಸಿನ ತಲೆಗೆ ಕಟ್ಟಿದ.

5.50ಕ್ಕೆ ಅವನ ಬಂಧನ. ಮೆಮೊ ಬರೆದದ್ದು ರೈಟರೇ. ಬೆಂಚಿನ ನಗೆ ಏನೆಲ್ಲ ಮಾಡಿಸಬಲ್ಲದು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬರೆದು ಮುಗಿಸಿ ಠಾಣಾ ದಿನಚರಿಯಲ್ಲಿ ತನ್ನದನ್ನೂ ಸೇರಿಸಿದ: ಒಂಬತ್ತನೇ ತಾರೀಖು, 11.15, ದೂರುದಾರಳನ್ನು ಹಿಂದಕ್ಕೆ ಕಳಿಸಿದ್ದು ನಾನು.

ಮರುದಿನ ಅಮಾನತಿನ ಆದೇಶ ಕೈಗೆ ಬಂದ ಮೇಲೆ, ಮಾಮೂಲಿ ಅಂಗಿ ತೊಟ್ಟು ಅವನು ಪರೀಕ್ಷಾಲಯದ ಕೌಂಟರಿಗೆ ಹೋದ. ಅವಳು ಮತ್ತೆ ತನ್ನ ಸೀಟಿನಲ್ಲಿದ್ದಳು. ಬೆಂಚು ಖಾಲಿಯಿತ್ತು.

"ಟೈಲರಕ್ಕ?" ಎಂದು ಕೇಳಿದ.

"ಆಸ್ಪತ್ರೆಗೆ ಸೇರಿಸಿದ್ದಾರೆ. ಗಂಟು ಕಂಕುಳಿಗೂ ಹಬ್ಬಿದೆಯಂತೆ. ಎರಡು ವಾರ ಮುಂಚೆ ಬಂದಿದ್ರೆ ಅಂದ್ರಂತೆ ಅಲ್ಲಿನ ಡಾಕ್ಟರು."

"ತಪ್ಪಾಯ್ತಮ್ಮ."

ಅವಳು ಕೈಲಿದ್ದ ವರದಿಗೆ ಮೊಹರು ಒತ್ತಿ ಬದಿಗಿಟ್ಟಳು. ಆಮೇಲೆ ಕೇಳಿದಳು: "ಸರ್, ಅವತ್ತು ನನ್ನ ಅರ್ಜೀಲಿ ತಪ್ಪು ಏನಿತ್ತು? ಆಗ ನೀವು ಹೇಳ್ಲೇ ಇಲ್ಲ."

ರೈಟರ್ ಕೌಂಟರಿನ ಅಂಚು ಹಿಡಿದು ನಿಂತ.

"ತಾರೀಖು ಹಾಕಿರ್ಲಿಲ್ಲಮ್ಮ," ಎಂದ.