ಎಂಟು ಗಂಟೆಗೆ ಮುಂಚಿನ ಕೆಲಸ

"ಯಾರ್ರೀ ನೀವು? ಬೆನ್ನ ಹಿಂದೆ ನಿಂತು ಏನ್ ನೋಡ್ತಿದ್ದೀರಾ?"

ಪುಷ್ಪಲತಾ ತಿರುಗದೆಯೇ ಕೇಳಿದಳು. ಅವಳ ಕೈಯಲ್ಲಿ ಸೂಜಿಯಿತ್ತು. ಎದುರಿಗೆ ಆರನೇ ಹಾಸಿಗೆಯ ಚಿತ್ತಯ್ಯಜ್ಜನ ಒಣಗಿದ ಕೈಯಿತ್ತು. ಆ ಕೈಯಲ್ಲಿ ನರ ಸಿಗುತ್ತಿರಲಿಲ್ಲ. ಇಂಥ ಹೊತ್ತಲ್ಲಿ ಹಿಂದೆ ಯಾರೋ ಉಸಿರಾಡುತ್ತಾ ನಿಂತರೆ ಯಾವ ನರ್ಸಿಗೆ ತಾನೇ ಸಿಟ್ಟು ಬರುವುದಿಲ್ಲ?

"ನಿಮ್ಮನ್ನೇ ನೋಡ್ತಿದ್ದೀನಿ..." ಎಂದಿತು ಗಂಡು ದನಿ. ಮರುಕ್ಷಣವೇ ತಡವರಿಸಿತು. "ಅಂದ್ರೆ, ನಿಮ್ಮ ಕೆಲಸಾನ. ಆಫೀಸಲ್ಲಿ ಹೇಳಿಲ್ವಾ?"

ಚಿತ್ತಯ್ಯಜ್ಜ ಮೊಳಕಾಲ್ಮೂರಿನ ನೇಕಾರ. ನೋವಿನಲ್ಲೂ ಅವನ ನಾಲಿಗೆ ಸುಮ್ಮನಿರುವುದಲ್ಲ. "ಏಮಯ್ಯಾ, ಪಿಲ್ಲನು ಚೂಡ್ಡಾನಿಕಿ ಆಸ್ಪತ್ರಿಕೇ ವಚ್ಚಿನಾವಾ?" ಎಂದ.

ಬಂದವನ ಮುಖ ಕೆಂಪಗಾಯಿತು. ಅಷ್ಟರಲ್ಲಿ ನರ ಸಿಕ್ಕಿತು, ಸೂಜಿ ಒಳಗೆ ಹೋಯಿತು. ಪುಷ್ಪಲತಾ ಈಗ ತಿರುಗಿ ನೋಡಿದಳು. ಕನ್ನಡಕ, ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ಪುಸ್ತಕ.

"ಅಜ್ಜ ಏನಂದ್ರು?" ಎಂದು ಅವನನ್ನು ಕೇಳಿದಳು.

"ನೋವಾಗ್ಲಿಲ್ಲ ಅಂದ್ರು."

ಪಕ್ಕದ ಹಾಸಿಗೆಯ ಹತ್ತಿರ ಜ್ವರ ನೋಡುತ್ತಿದ್ದ ನಿರ್ಮಲಕ್ಕನಿಗೆ ತೆಲುಗು ಬರುತ್ತಿತ್ತು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಹೆಣ್ಣು ನೋಡೋಕೆ ಆಸ್ಪತ್ರೆಗೇ ಬಂದೀಯೇನಪ್ಪಾ ಅಂತ ಕೇಳ್ತಾ ಅವ್ನೆ ಕಣೇ."

ಹೀಗೆ ಶುರುವಾಯಿತು.

ಅವನ ಹೆಸರು ಓಬಳೇಶ್. ಅವನದೂ ಮೊಳಕಾಲ್ಮೂರು, ಮಗ್ಗದ ಮನೆ. ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಚಳ್ಳಕೆರೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಕೇಸ್ ಶೀಟಿನ ಬದಲು ನರ್ಸುಗಳ ಕೈಗೆ ಟ್ಯಾಬ್ ಕೊಟ್ಟು ವರ್ಷವಾಗಿತ್ತು. ಟ್ಯಾಬ್ ಬಂದ ಮೇಲೆ ಕೆಲಸ ಹಗುರವಾಯಿತೇ, ಒಬ್ಬ ರೋಗಿಗೆ ಎಷ್ಟು ನಿಮಿಷ ಹಿಡಿಯುತ್ತದೆ... ಇದು ಅವನ ಸಂಶೋಧನೆ. ಬೆಳಗಿನ ಪಾಳಿಯಲ್ಲಿ ಮೂವರು ನರ್ಸುಗಳು: ನಿರ್ಮಲಾ, ಶಿಲ್ಪಾ, ಪುಷ್ಪಲತಾ. ದಿನಕ್ಕೊಬ್ಬರ ಹಿಂದೆ ಎಂಟು ಗಂಟೆಯಿಂದ ನಡೆದು ನಿಮಿಷ ಬರೆದುಕೊಳ್ಳಬೇಕು. ಒಟ್ಟು ಹದಿನೆಂಟು ದಿನ.

"ನಿಮ್ಮ ಹೆಸರು ಎಲ್ಲೂ ಬರಲ್ಲ. ಇದರಿಂದ ಯಾರಿಗೂ ತೊಂದರೆ ಆಗಲ್ಲ," ಎಂದು ಮೊದಲ ದಿನವೇ ಮೂವರಿಂದಲೂ ಸಹಿ ಹಾಕಿಸಿಕೊಂಡ. ಮನಸಾರೆ ಹೇಳಿದ ಮಾತು ಅದು. ಒಳ್ಳೆಯವರು ಕೊಡುವ ಭರವಸೆಯೇ ಹೆಚ್ಚು ಅಪಾಯದ್ದು. ನಾವು ಅದನ್ನು ನಂಬಿಬಿಡುತ್ತೇವೆ.

ಅವನು ಸುಮ್ಮನೆ ಬರೆದುಕೊಂಡು ಹೋಗುವವನಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಚಿತ್ತಯ್ಯಜ್ಜ ಮಾತ್ರೆ ಉಗುಳಿದಾಗ ತೆಲುಗಿನಲ್ಲಿ ರಮಿಸಿ ನುಂಗಿಸಿದ. ಪುಷ್ಪಲತಾ ಬುತ್ತಿ ಬಿಚ್ಚಿದರೆ, "ಸಜ್ಜೆ ರೊಟ್ಟಿನಾ? ನಮ್ಮನೇಲಿ ಯಾರಿಗೂ ತಟ್ಟೋಕೆ ಬರಲ್ಲ," ಎಂದು ಆಸೆಯಿಂದ ನೋಡಿದ. ಮಾರನೆಯ ದಿನ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿದ್ದವು.

ದೊಡ್ಡಉಳ್ಳಾರ್ತಿಯಲ್ಲಿ ಕುರಿ ಕಾಯುವ ಚಿಕ್ಕೀರಪ್ಪನ ಮಗಳು ಅವಳು. ಇಪ್ಪತ್ತೇಳು ವರ್ಷದಲ್ಲಿ ಅವಳ ಕೆಲಸವನ್ನು ಇಷ್ಟು ಗಮನ ಕೊಟ್ಟು ನೋಡಿದವರೇ ಇರಲಿಲ್ಲ. ಅವನು ನೋಡಿದ. ಅದೂ ನಿಮಿಷ ನಿಮಿಷಕ್ಕೂ...

'ಅವರ ಪುಸ್ತಕದಾಗೆ ನಾನೇ ಚೆನ್ನಾಗಿರಬೇಕು. ನನ್ನಂಗೆ ಯಾರೂ ಮಾಡಲ್ಲ ಅಂತ ಬರೀಬೇಕು.'

ಇವತ್ತೂ ಅವನು ತನ್ನ ಹಿಂದೆಯೇ ಬರಬಹುದೆಂದು ಅವಳು ದಿನವೂ ಏಳೂಕಾಲಿಗೇ ಆಸ್ಪತ್ರೆಗೆ ಬರತೊಡಗಿದಳು. ಯಾರೂ ಬರುವ ಮುಂಚೆ ಇಂಜೆಕ್ಷನ್‌ಗಳನ್ನೆಲ್ಲ ಸಿರಿಂಜಿಗೆ ಎಳೆದು, ಹೆಸರು ಬರೆದು, ತಟ್ಟೆಯಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದಳು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆಂದು ಮಧ್ಯಾಹ್ನದವರೆಗೆ ನೀರನ್ನೂ ಮುಟ್ಟುತ್ತಿರಲಿಲ್ಲ. ಎಂಟಕ್ಕೆ ಓಬಳೇಶ್ ಗಡಿಯಾರ ಒತ್ತಿದರೆ, ಅವಳು ಗಾಳಿಯಂತೆ ಓಡಾಡುತ್ತಿದ್ದಳು.

ಒಬ್ಬ ರೋಗಿಗೆ ಒಂಬತ್ತು ನಿಮಿಷ. ನಿರ್ಮಲಕ್ಕನಿಗೆ ಹದಿನಾರು.

ನಿರ್ಮಲಕ್ಕನಿಗೆ ನಲವತ್ತೊಂಬತ್ತು ವರ್ಷ. ಇದೇ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಪುಷ್ಪಲತಾಳಿಗೆ ನರ ಹುಡುಕುವುದನ್ನು ಕಲಿಸಿದವಳೂ ಅವಳೇ. ರೋಗಿಯ ಪಕ್ಕ ಕೂತು, "ರಾತ್ರಿ ನಿದ್ದೆ ಬಂತಾ? ಮಗಳು ಬಂದಿದ್ಲಾ?" ಎಂದು ಕೇಳದೆ ಅವಳ ಕೈ ಔಷಧಿಗೆ ಹೋಗುತ್ತಿರಲಿಲ್ಲ.

"ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅಂತ, ಹಂಗೆ ಓಡಬ್ಯಾಡ ಕಣೇ," ಎಂದಳು ಒಂದು ದಿನ. "ನಾಳೆ ಅದೇ ವಾಡಿಕೆ ಆಗ್ತದೆ."

"ಹದಿನೆಂಟು ದಿನ ತಾನೇ ಅಕ್ಕ?"

"ಅವನಿಗೋಸ್ಕರ ಓಡ್ತಿದ್ದೀಯ. ನಂಗೇನು ಕಣ್ಣು ಕಾಣ್ಸಲ್ವಾ?"

ಪುಷ್ಪಲತಾ ತಟ್ಟೆ ಎತ್ತಿಕೊಂಡು ಮುಂದಿನ ಹಾಸಿಗೆಗೆ ನಡೆದಳು. ಕಿವಿ ಬಿಸಿಯಾಗಿತ್ತು.

ಹದಿನೆಂಟು ದಿನ ಮುಗಿಯಿತು. ಹೋಗುವಾಗ ಓಬಳೇಶ್ ಏನೋ ಹೇಳಲು ಬಾಯಿ ತೆರೆದು, "ಫೋನ್ ಮಾಡ್ತೀನಿ," ಎಂದಷ್ಟೇ ಅಂದ. ಮಾಡಿದ ಕೂಡ. ಎರಡು ತಿಂಗಳು ದಿನವೂ ಸಂಜೆ ಮಾತಾಯಿತು. ಆ ಒಂದು ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ.

ಮೂರನೇ ತಿಂಗಳು ಆಸ್ಪತ್ರೆಯ ಆಡಳಿತಾಧಿಕಾರಿ ತಿಪ್ಪೇರುದ್ರಪ್ಪ ಮೂವರನ್ನೂ ಒಳಗೆ ಕರೆದ. ಮೇಜಿನ ಮೇಲೆ ಓಬಳೇಶನ ವರದಿಯ ಸಾರಾಂಶವಿತ್ತು.

"ನೋಡ್ರಮ್ಮ, ಇದು ನನ್ನ ಮಾತಲ್ಲ, ಸಂಶೋಧನೆ. ಸರಾಸರಿ ತೆಗೆದ್ರೆ ಬೆಳಗಿನ ಪಾಳಿಗೆ ಇಬ್ಬರು ಸಾಕು ಅಂತ ಆಗ್ತದೆ. ಮ್ಯಾನೇಜ್‌ಮೆಂಟ್ ತೀರ್ಮಾನ ಮಾಡಿ ಆಗೈತೆ." ಆಮೇಲೆ ದನಿ ತಗ್ಗಿಸಿದ. "ನಿರ್ಮಲಮ್ಮ, ಈ ತಿಂಗಳ ಕೊನೆವರೆಗೂ ಬನ್ನಿ."

ನಿರ್ಮಲಕ್ಕ ಅಳಲಿಲ್ಲ, ಜಗಳವಾಡಲಿಲ್ಲ. "ಹನ್ನೆರಡನೇ ಬೆಡ್ಡಿನ ಡ್ರಿಪ್ ಮುಗಿಯೋ ಹೊತ್ತಾಯ್ತು," ಎಂದು ಎದ್ದು ಹೋದಳು. ಆ ವಯಸ್ಸಿನ ನರ್ಸನ್ನು ಇನ್ನು ಯಾವ ಆಸ್ಪತ್ರೆ ಕರೆದುಕೊಂಡೀತು?

'ಯಾರಿಗೂ ತೊಂದರೆ ಆಗಲ್ಲ ಅಂದಿದ್ರಲ್ಲ... ನನ್ನ ರೊಟ್ಟಿ ತಿಂದುಕೊಂಡೇ ಅಕ್ಕನ ಕೆಲಸ ತೆಗೆದ್ರಲ್ಲ...'

ಅಂದು ಸಂಜೆ ಅವನ ಫೋನ್ ಎತ್ತಲಿಲ್ಲ. ಆಮೇಲಿನ ಹತ್ತು ದಿನವೂ ಎತ್ತಲಿಲ್ಲ. ಭಾನುವಾರ ರಜೆಯಿತ್ತು. ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ಬಿ.ಜಿ. ಕೆರೆ ದಾಟುವವರೆಗೂ ಬೈಗುಳಗಳನ್ನೇ ಜೋಡಿಸಿಕೊಂಡಳು.

ಓಬಳೇಶನ ಮನೆಯ ನಡುಮನೆಯಲ್ಲೇ ಗುಂಡಿಮಗ್ಗ. ತಾಯಿ ಈಶ್ವರಮ್ಮ ಅದರಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದಳು. ಅವನು ಎದ್ದು ನಿಂತ. ಗಡ್ಡ ಬೆಳೆದಿತ್ತು.

"ನಿರ್ಮಲಕ್ಕನ ಕೆಲಸ ಹೋಯ್ತು. ನಿಮ್ಮ ವರದಿಯಿಂದ," ಎಂದಳು. ದಾರಿಯುದ್ದಕ್ಕೂ ಜೋಡಿಸಿದ್ದರಲ್ಲಿ ಉಳಿದದ್ದು ಅಷ್ಟೇ.

"ಗೊತ್ತು. ನೀವು ಫೋನ್ ಎತ್ತದೆ ಇದ್ದಾಗ ಶಿಲ್ಪಾ ಅವರು ಹೇಳಿದ್ರು. ಆಸ್ಪತ್ರೆಯೋರು ವರದಿ ಕೇಳಿದ್ರು ಅಂತ ಕೊಟ್ಟೆ. ಜನ ಕಮ್ಮಿ ಮಾಡಿ ಅಂತ ನಾನು ಎಲ್ಲೂ ಬರೆದಿಲ್ಲ. ಸುದ್ದಿ ತಿಳಿದ ದಿನವೇ ಪತ್ರ ಹಾಕಿದೆ. ಧನ್ಯವಾದ ಅಂತ ಉತ್ತರ ಬಂತು."

"ಮತ್ತೆ ಅಂಕಿ ಯಾಕೆ ಹಂಗೆ ಬಂತು?"

"ಅದೇ ನಂಗೂ ಅರ್ಥ ಆಗ್ತಿಲ್ಲ. ಬೇರೆ ಕಡೆ ಎಲ್ಲೂ ಹದಿನಾಲ್ಕು ನಿಮಿಷಕ್ಕಿಂತ ಕಮ್ಮಿ ಇಲ್ಲ. ನಿಮ್ದು ಒಂಬತ್ತು... ಹೆಂಗೆ?"

ಅವಳು ಅಲ್ಲಿಯೇ ಗೋಡೆಗೊರಗಿ ಕೂತಳು.

"ನಾನು ಏಳೂಕಾಲಿಗೇ ಬರ್ತಿದ್ದೆ," ಎಂದಳು. "ಅರ್ಧ ಕೆಲಸ ಮುಗಿಸಿ ಇಟ್ಟಿರ್ತಿದ್ದೆ. ಎಂಟಕ್ಕೆ ನೀವು ಬರೋ ಹೊತ್ತಿಗೆ..."

"ಯಾಕೆ?"

"ನೀವು ನೋಡ್ತಿದ್ರಲ್ಲ, ಅದಕ್ಕೆ."

ಮಗ್ಗದ ಸದ್ದು ನಿಂತಿತು. ಈಶ್ವರಮ್ಮ ಮಗನ ಕಡೆ ತಿರುಗಿದಳು. "ಯಾರಾದ್ರೂ ಬಂದು ಮಗ್ಗದ ಮುಂದೆ ನಿಂತ್ರೆ ನನ್ನ ಕೈಯೂ ಜೋರಾಗ್ತದೆ ಕಣೋ. ಅವ್ರು ಹೋದ ಮೇಲೆ ರಟ್ಟೆ ಬಿದ್ದೋಗ್ತದೆ. ಇದನ್ನ ನಿನ್ನ ಓದಿನಾಗೆ ಹೇಳಿಕೊಡಲಿಲ್ಲೇನು?"

"ಹೇಳಿಕೊಟ್ಟಿದ್ರಮ್ಮ. ಪರೀಕ್ಷೆಲಿ ಬರೆದು ಪಾಸೂ ಆಗಿದ್ದೆ."

ಅವನು ಒಳಗಿನಿಂದ ಆ ಪುಸ್ತಕ ತಂದು ಅವಳ ಮುಂದೆ ಬಿಚ್ಚಿಟ್ಟ.

"ನಿಮ್ಮೊಬ್ಬರದೇ ತಪ್ಪಲ್ಲ ಪುಷ್ಪಾ. ಒಬ್ಬೊಬ್ಬರ ಹಿಂದೆ ಆರಾರು ದಿನ ಅಂತ ಲೆಕ್ಕ ಇತ್ತು. ಇಲ್ಲಿ ನೋಡಿ. ಶಿಲ್ಪಾ ಅವರದು ನಾಲ್ಕು ದಿನ, ನಿರ್ಮಲಕ್ಕಂದು ಮೂರು. ನಿಮ್ದು... ಹನ್ನೊಂದು."

ಅವಳು ಪುಟಗಳನ್ನು ತಿರುವಿದಳು. ಪುಟದ ಮೇಲೆ ಪುಟ, ತನ್ನ ಹೆಸರಿನ ಬದಲಿಗೆ ಅವನು ಕೊಟ್ಟಿದ್ದ ಅದೇ ಒಂದು ಗುರುತಿನ ಸಂಖ್ಯೆ.

"ಇವತ್ತಿನಿಂದ ನಿರ್ಮಲಕ್ಕನ ಹಿಂದೆ ಹೋಗ್ತೀನಿ ಅಂದ್ಕೊಂಡೇ ದಿನಾ ಬಸ್ ಹತ್ತುತಿದ್ದೆ. ವಾರ್ಡಿಗೆ ಬಂದ್ರೆ ನಿಮ್ಮನ್ನ ಬಿಟ್ಟು ಹೋಗೋಕೆ ಕಾಲೇ ಬರ್ತಿರ್ಲಿಲ್ಲ," ಎಂದ. "ಆ ಹನ್ನೊಂದು ದಿನವೇ ಸರಾಸರಿಯನ್ನ ಕೆಳಗೆ ಎಳೀತು."

ಅವಳು ಓಡಿದ್ದು ಅವನಿಗಾಗಿ. ಅವನು ಎಣಿಸಿದ್ದು ಅವಳಿಗಾಗಿ. ನಡುವೆ ಕೆಲಸ ಕಳೆದುಕೊಂಡವಳು ನಿರ್ಮಲಕ್ಕ. ಇಬ್ಬರ ಮನಸ್ಸೂ ಬಯಲಾದ ಗಳಿಗೆ ಅದು, ಆದರೆ ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು. ಇಂಥ ಪ್ರೇಮ ನಿವೇದನೆ ಯಾವ ಶತ್ರುವಿಗೂ ಬೇಡ.

ಸೋಮವಾರ ಇಬ್ಬರೂ ಸೇರಿ ತಿಪ್ಪೇರುದ್ರಪ್ಪನ ಎದುರು ನಿಂತು ಎಲ್ಲವನ್ನೂ ಹೇಳಿದರು. ಅವನು ಕೆಟ್ಟವನಲ್ಲ, ಪೂರ್ತಿ ಕೇಳಿಸಿಕೊಂಡ.

"ನೀವು ಹೇಳೋದು ನಿಜ ಇರಬಹುದು ಕಣಪ್ಪ. ಆದ್ರೆ ಒಂದು ವಾರದಿಂದ ಇಬ್ಬರಲ್ಲೇ ವಾರ್ಡ್ ನಡೀತಾ ಐತಲ್ಲ? ನಡೀತಿರೋದನ್ನ ನಡೆಯಲ್ಲ ಅಂತ ಮೇಲಿನೋರಿಗೆ ನಾನು ಹೆಂಗೆ ಹೇಳ್ಲಿ?"

"ಸರ್, ನಾವು ನೀರು ಕುಡೀದೆ ನಡೆಸ್ತಾ ಇದ್ದೀವಿ," ಎಂದಳು ಪುಷ್ಪಲತಾ.

"ಅದು ಟ್ಯಾಬಿನಾಗೆ ಬರಲ್ಲಮ್ಮ."

ನಿರ್ಮಲಕ್ಕನ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ತಿಂಗಳ ಕೊನೆಗೆ ಕಾಯದೆ, ವಾರದ ಹಿಂದೆಯೇ ಕೆಲಸ ಬಿಟ್ಟು ಬಂದಿದ್ದಳು. ಇಬ್ಬರೂ ತಪ್ಪೊಪ್ಪಿಕೊಂಡರು. ಅವಳು ಬಹಳ ಹೊತ್ತು ಕೈ ನಿಲ್ಲಿಸಲಿಲ್ಲ.

"ಪ್ರೀತಿ ಮಾಡೋರು ಸಿನಿಮಾಕ್ಕೆ ಹೋಗ್ತಾರೆ, ಗುಡ್ಡ ಹತ್ತುತಾರೆ," ಎಂದಳು ಕೊನೆಗೆ. "ನೀವು ನನ್ನ ಕೆಲಸದ ಮೇಲೆ ಕೂತು ಮಾಡಿದ್ರಲ್ರೋ."

ಪುಷ್ಪಲತಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಕ್ಷಮಿಸ್ಬಿಡಿ ಅಕ್ಕ..."

"ಈಗಲೇ ಕೇಳಬ್ಯಾಡ ಕಣೇ. ಇನ್ನೂ ಬೆಳಿಗ್ಗೆ ಎದ್ದ ಕೂಡ್ಲೇ ಸೀರೆ ಉಟ್ಟು ತಯಾರಾಗ್ತೀನಿ. ಆಮೇಲೆ ನೆನಪಾಗ್ತದೆ. ಆ ಅಭ್ಯಾಸ ಹೋಗ್ಲಿ, ಆವಾಗ ನೋಡಾನ." ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ.

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಪುಷ್ಪಲತಾ ಕೂತಳು. ಎಣ್ಣೆ ಮಿಲ್ಲಿನ ಕಮಟು ಗಾಳಿಯಲ್ಲಿ ತುಂಬಿತ್ತು. ಓಬಳೇಶ್ ನಿಂತೇ ಇದ್ದ.

"ಗೈಡಿಗೆ ಫೋನ್ ಮಾಡಿ ಥೀಸಿಸ್ಸಿನ ಆ ಅಧ್ಯಾಯ ವಾಪಸ್ ತಗೊಂಡೆ. ಮೂರು ವರ್ಷದ ಕೆಲಸ, ಮೊದಲಿಂದ ಶುರು ಮಾಡು ಅಂದ್ರು ಗೈಡು. ಮಾಡ್ತೀನೋ ಇಲ್ವೋ ಗೊತ್ತಿಲ್ಲ."

"ಅದರಿಂದ ಅಕ್ಕನ ಕೆಲಸ ಬರುತ್ತಾ?"

"ಇಲ್ಲ."

"ನಮ್ಮಪ್ಪ ಬೇರೆ ಜಾತಿಯೋರಿಗೆ ಮದುವೆ ಮಾಡಿ ಕೊಡೋಕೆ ಒಪ್ಪಲ್ಲ. ಅದೂ ಒಂದು ಐತೆ."

"ಗೊತ್ತು."

ಮೊಳಕಾಲ್ಮೂರಿನ ಬಸ್ಸು ಬಂತು, ನಿಂತಿತು, ಹೊರಟೂ ಹೋಯಿತು. ಅವನು ಹತ್ತಲಿಲ್ಲ.

"ಇಷ್ಟಾದ ಮೇಲೂ... ನನ್ನ ಜೊತೆ ಬದುಕೋಕೆ ಮನಸ್ಸು ಬರುತ್ತಾ ನಿಮಗೆ?"

ಅವಳು ಸಂತೋಷ ಹುಡುಕಿ ನೋಡಿದಳು, ಒಳಗೆಲ್ಲೂ ಸಿಗಲಿಲ್ಲ. ಆದರೂ ಅವನು ಮುಂದಿನ ಬಸ್ಸು ಹತ್ತಿ ಹೋಗುವುದೂ ಬೇಡವಾಗಿತ್ತು.

"ಬೇರೆ ಯಾರ ಜೊತೆ ಬದುಕಲಿ? ನಿರ್ಮಲಕ್ಕ ಅಂತ ನಾನು ಅರ್ಧ ರಾತ್ರೀಲಿ ಎದ್ದು ಅತ್ರೆ, ಯಾಕೆ ಅಂತ ಕೇಳದೇ ಇರೋರು ನೀವೊಬ್ರೇ."

ಅವನ ಕಣ್ಣು ತುಂಬಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

"ಕೂತ್ಕೊಳ್ಳಿ," ಎಂದಳು ಅವಳು, ಪಕ್ಕದಲ್ಲಿ ಜಾಗ ಮಾಡುತ್ತಾ.

"ಎಷ್ಟು ಹೊತ್ತು?"

"ಇವತ್ತು ಹೊತ್ತು ಕೇಳಬ್ಯಾಡಿ. ಕೂತ್ಕೊಳ್ಳಿ."