ಘಾಟಿಯಲ್ಲಿ ಕೊಟ್ಟ ಮುಡಿ

"ನಂಗೋಸ್ಕರನಾ ಪ್ರಮೋದಾ... ನಂಗೋಸ್ಕರ ಮುಡಿ ಕೊಟ್ಟೆಯಾ?"

ದೊಡ್ಡಬಳ್ಳಾಪುರದ ಪ್ರಮೋದಾಳ ಮಗ್ಗದ ಮನೆ ಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದ ಕಾಂತರಾಜು. ಬೈಕಿನಿಂದ ಬಿದ್ದು ಆಸ್ಪತ್ರೆ ಸೇರಿದವನು ಬದುಕಿ ಬಂದಿದ್ದ. ಅವನ ಕಣ್ಣು ತುಂಬಿತ್ತು.

ಪ್ರಮೋದಾ ತಲೆ ಮೇಲಿನ ವೇಲನ್ನು ಬಿಗಿಯಾಗಿ ಎಳೆದುಕೊಂಡಳು. ಇವನಿಗೆ ಏನಂತ ಹೇಳಲಿ...

ನಿಜ ಏನು ಗೊತ್ತಾ? ಅವನು ಆಸ್ಪತ್ರೆಯಲ್ಲಿದ್ದಾಗಲೇ ಅವಳ ಕೂದಲು ಅಲ್ಲಲ್ಲಿ ದುಂಡಗೆ, ಬಿಲ್ಲೆಬಿಲ್ಲೆಯಾಗಿ ಉದುರತೊಡಗಿತ್ತು.

"ಮೈಯನ್ನ ಕಾಯಬೇಕಾದ ಶಕ್ತೀನೇ ಕೂದಲಿನ ಬೇರನ್ನ ಶತ್ರು ಅಂದ್ಕೊಂಡಿದೆ ಕಣಮ್ಮ. ಅಂಟುರೋಗ ಅಲ್ಲ, ನಿನ್ನ ತಪ್ಪೂ ಅಲ್ಲ. ಮತ್ತೆ ಬೆಳೀಬಹುದು, ಬೆಳೀದೆಯೂ ಇರಬಹುದು," ಅಂದಿದ್ದರು ಡಾಕ್ಟರ್.

ಊರವರ ಬಾಯಿಗೆ ಅದೆಲ್ಲ ಯಾಕೆ ಬೇಕು? ಹುಳ ತಿಂದಿದೆ ಅಂದರು. ನಾಗದೋಷ ಅಂದರು. ಕೇಳಲಾರದೆ ಅವಳಮ್ಮ ಮುತ್ಯಾಲಮ್ಮ ಮಗಳನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ ತಲೆ ಬೋಳಿಸಿಬಿಟ್ಟಳು. ವಾಪಸ್ ಬಂದವಳೇ, "ಕಾಂತರಾಜು ಉಳೀಲಿ ಅಂತ ಹರಕೆ ಹೊತ್ತಿದ್ಲು ಕಣ್ರೀ," ಅಂತ ಬೀದಿಗೆಲ್ಲ ಸಾರಿದಳು.

ಅಲ್ಲಿಯವರೆಗೆ ಈ ಸಂಬಂಧ ಬೇಡವೇ ಬೇಡ ಅಂತಿದ್ದ ಅವನ ತಾಯಿ ರುಕ್ಮಿಣಮ್ಮ ಕರಗಿಹೋದರು. ಮದುವೆಗೆ ಒಪ್ಪಿದ್ದೇ ಆ ಹರಕೆ ಕೇಳಿ.

"ಕೂದಲು ಬೆಳೀಲಿ, ಆಮೇಲೆ ಮದುವೆ. ಮೊಗ್ಗಿನ ಜಡೆ ಹಾಕಿಸ್ಬೇಕಂತೆ ಅಮ್ಮಂಗೆ," ಅಂದ ಕಾಂತರಾಜು, ನಗುತ್ತಾ.

ಸುಮ್ಮನಿದ್ದರೆ ಇವನು ನನ್ನವನು... ಆದರೆ ಎಷ್ಟು ದಿನ? ಕೂದಲು ಚಿಗುರುತ್ತಿದ್ದರೂ ನಡುನಡುವೆ ನುಣ್ಣಗಿನ ಬಿಲ್ಲೆಗಳು ಹಾಗೇ ಉಳಿದಿದ್ದವು. ಈಗ ಹುಬ್ಬೂ ಉದುರುತ್ತಿತ್ತು.

ಅವಳು ವೇಲ್ ತೆಗೆದುಬಿಟ್ಟಳು.

"ಹರಕೆ ಅಲ್ಲ ಕಾಂತು, ಕಾಯಿಲೆ. ಅಮ್ಮ ಸುಳ್ಳು ಹೇಳಿದ್ಲು, ನಾನು ಸುಮ್ನಿದ್ದೆ. ನಿಂಗೋಸ್ಕರ ಅತ್ತಿದ್ದು ಮಾತ್ರ ನಿಜ."

ಅವನು ಅವಳ ತಲೆಯನ್ನೇ ನೋಡಿದ. ಊರುಗೋಲು ಊರಿಕೊಂಡು ಹೊರಟುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನೇ ನಿಂಗೆ?" ಮುತ್ಯಾಲಮ್ಮ ಬೈಯುತ್ತಲೇ ಅತ್ತಳು.

ಪ್ರಮೋದಾ ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಟ್ಟಳು. ಅನ್ನ ಸೇರಲಿಲ್ಲ. ನನ್ನ ಮೈಗೇ ನಾನು ಬೇಡವಾದೆ, ಇನ್ನು ಅವನಿಗೆ ಯಾಕೆ ಬೇಕಾಗ್ತೀನಿ... ಅದೊಂದೇ ಯೋಚನೆ ಅವಳಿಗೆ.

ವಾರ ಕಳೆದ ಮೇಲೆ ಮತ್ತೆ ಬಾಗಿಲಲ್ಲಿ ಊರುಗೋಲಿನ ಸದ್ದು.

"ಅಮ್ಮಂಗೆ ಎಲ್ಲಾ ಹೇಳ್ದೆ," ಅಂದ ಕಾಂತರಾಜು.

"ಏನಂದ್ರು?"

"ಸಂಬಂಧ ಬೇಡ ಅಂದ್ರು."

ಇದನ್ನ ಹೇಳೋಕೆ ಆ ಕಾಲಲ್ಲಿ ಇಷ್ಟು ದೂರ ಬಂದನಾ ಪಾಪ... ಅವಳು ತಲೆ ತಗ್ಗಿಸಿದಳು.

"ನಂಗೂ ಸಿಟ್ಟಿತ್ತು. ನಂಗೋಸ್ಕರ ಮುಡಿ ಕೊಟ್ಲು ಅಂತ ಬೀಗ್ಬಿಟ್ಟಿದ್ದೆ. ಆಮೇಲೆ ಅನ್ನಿಸ್ತು... ನಾನಲ್ಲಿ ಮಲಗಿದ್ದಾಗ ನೀನಿಲ್ಲಿ ಒಬ್ಳೇ ಇದನ್ನ ಅನುಭವಿಸ್ತಿದ್ದೆ." ಊರುಗೋಲನ್ನು ಬಾಗಿಲಿಗೆ ಒರಗಿಸಿ ಕೇಳಿದ, "ಕಾಲು ತೋರ್ಸೋಕೆ ಹೋದಾಗ ಡಾಕ್ಟರನ್ನ ವಿಚಾರಿಸ್ದೆ. ತಲೆಗೇ ಇಂಜೆಕ್ಷನ್ ಕೊಡ್ತಾರಂತೆ. ನೋವಾಗುತ್ತಾ?"

ಯಾವಾಗ ಬೆಳೆಯುತ್ತೆ ಅಂತ ಊರೆಲ್ಲ ಕೇಳಿತ್ತು. ತಿಂಗಳು ತಿಂಗಳೂ ಆ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದರೂ ನೋವಾಗುತ್ತಾ ಅಂತ ಹೆತ್ತವಳೂ ಕೇಳಿರಲಿಲ್ಲ. ಪ್ರಮೋದಾ ಬಿಕ್ಕಿಬಿಕ್ಕಿ ಅತ್ತಳು.

"ಆಗುತ್ತೆ... ತುಂಬಾ."

"ಮುಂದಿನ ಸಲ ನಾನೂ ಬರ್ತೀನಿ."

"ಕೂದಲು ಬರ್ದೇ ಹೋದ್ರೆ? ನಿಮ್ಮಮ್ಮ ಒಪ್ದೇ ಹೋದ್ರೆ?"

"ಗೊತ್ತಿಲ್ಲ ಕಣೇ," ಅಂದ, ಅವಳ ಪಕ್ಕ ಕೂರುತ್ತಾ. "ಚುಚ್ಚುವಾಗ ನನ್ನ ಕೈ ಹಿಡ್ಕೋ. ನಂಗೆ ಅಷ್ಟೇ ಗೊತ್ತಿರೋದು."

"ಗಟ್ಟಿಯಾಗಿ ಹಿಡೀತೀನಿ ನೋಡು..."

"ಹಿಡಿ."