ಡ್ರಾಯರಿನಲ್ಲಿ ಕೂಗಿದ ಫೋನು

ಮನುಷ್ಯಕುಲದ ಚರಿತ್ರೆಯನ್ನೇ ತಿರುಗಿಸಿದ ಸದ್ದುಗಳು ಹಲವಿವೆ. ಗುಡುಗು, ಫಿರಂಗಿ, ಮಗುವಿನ ಮೊದಲ ಅಳು. ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಕುರ್ಚಿ ಹಾಕಿ ಗೌರವದಿಂದ ಕೂರಿಸಬೇಕಾದ ಸದ್ದು ಇನ್ನೊಂದಿದೆ.

'ಟಿಣ್.'

ಅದು ಕೇಳಿಸಿದ್ದು ಮೂರನೇ ಮಹಡಿಯ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ. ಗಾಜಿನ ಬೂತಿನೊಳಗೆ ಕೂತವಳು ಒಂದು ದಪ್ಪ ಕಾದಂಬರಿಯ ಮೊದಲ ಅಧ್ಯಾಯ ಓದುತ್ತಿದ್ದಳು. ಮೊದಲ ಅಧ್ಯಾಯದಲ್ಲೇ ತಾಯಿಯನ್ನು ಕೊಂದುಹಾಕುವ ಜಾತಿಯ ಕಾದಂಬರಿ ಅದು. ತಾಯಿ ಇನ್ನೇನು ಕೊನೆಯುಸಿರು ಎಳೆಯಬೇಕು, ಅಷ್ಟರಲ್ಲಿ 'ಟಿಣ್.' ಸಾಯುತ್ತಿದ್ದ ತಾಯಿ ಅರ್ಧಕ್ಕೇ ನಿಂತಳು.

ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡಿದ್ದವನು ತಲೆಯೆತ್ತಿದ. ಅವನು ಸೌಂಡ್ ಇಂಜಿನಿಯರ್. ಕುರ್ಚಿಯ ಕಿರುಗುಟ್ಟು, ಬಳೆಯ ಸದ್ದು, ಹಸಿದ ಹೊಟ್ಟೆಯ ಗೊಣಗಾಟ... ಯಾವುದೂ ಅವನ ಕಿವಿ ತಪ್ಪಿಸಿಕೊಂಡು ಹೋದದ್ದಿಲ್ಲ. ಸ್ಟುಡಿಯೋದವರು ಬೆನ್ನ ಹಿಂದೆ ಅವನನ್ನು ಸದ್ದಪ್ಪ ಅನ್ನುತ್ತಿದ್ದರು. ಮುಂದೆ ಏನೂ ಅನ್ನುತ್ತಿರಲಿಲ್ಲ, ಅಂದರೆ ಸದ್ದಾಗುತ್ತದಲ್ಲ.

"ಅದೇನು?" ಸ್ಪೀಕರಿನಿಂದ ಅವನ ದನಿ ಬಂತು.

"ಫೋನು ಸರ್..."

"ಫೋನ್ ಹೊರಗಿಡಿ ಅಂತ ಬಾಗಿಲ ಮೇಲೇ ಬರೆದಿದೆ. ಓದೋದು ತಾನೆ ನಿಮ್ಮ ಕೆಲಸ?"

ಓದುಗಿತ್ತಿಯ ಕಿವಿ ಕೆಂಪಾಯಿತು. ಚಿಕ್ಕಂದಿನಿಂದ ಮಾತು ಜಾಸ್ತಿಯೆಂದು ಅಜ್ಜಿ ಗಿಣಿ ಎಂದು ಹೆಸರಿಟ್ಟಿದ್ದವಳಿಗೆ ಅವತ್ತು ಹೊಳೆದದ್ದು ಒಂದೇ ಉತ್ತರ. ಅದನ್ನು ಹೇಳುವ ಹಾಗಿರಲಿಲ್ಲ.

ಸದ್ದು ಫೋನಿನದೇ, ಆದರೆ ಸುದ್ದಿ ಅವಳ ತೋಳಿನದು. ರವಿಕೆಯ ತೋಳಿನೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಸೆನ್ಸರ್ ಅಂಟಿತ್ತು. ಮೈಯೊಳಗಿನ ಸಕ್ಕರೆಯನ್ನು ಅದು ಬಿಡುವಿಲ್ಲದೆ ಅಳೆದು ಫೋನಿಗೆ ಕಳಿಸುತ್ತಿತ್ತು. ಇಳಿದರೆ ಫೋನು ಕೂಗುತ್ತಿತ್ತು. ಶಾಲೆಗೆ ಹೋಗುವ ವಯಸ್ಸಿನಲ್ಲೇ ಗಿಣಿಯ ದೇಹ ಇನ್ಸುಲಿನ್ ತಯಾರಿಸುವುದನ್ನು ಕೈಬಿಟ್ಟಿತ್ತು. ಅಂದಿನಿಂದ ಊಟಕ್ಕೊಂದು ಸೂಜಿ, ನಿದ್ದೆಗೊಂದು ಸೂಜಿ.

ಅವಳು ಗಂಟಲಿನ ಮಾತ್ರೆಯೆಂದು ಹೇಳಿ ಒಂದು ಗ್ಲೂಕೋಸ್ ಮಾತ್ರೆ ಚೀಪಿದಳು. ಫೋನನ್ನು ಹೊರಗಡೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಡ್ರಾಯರಿಗೆ ಹಾಕಿ ಬಂದಳು. ಅಂದಿನಿಂದ ಅದರ ಜಾಗ ಅಲ್ಲೇ.

ಹಿಂದಿನ ಕೆಲಸದಲ್ಲಿ ನಿಜ ಹೇಳಿದ್ದಳು. ಅಲ್ಲಿಯವರು ಬಹಳ ಕರುಣಾಳುಗಳು. "ನೀವು ಆರಾಮ ತಗೊಳ್ಳಿ" ಎಂದು ಶಾಶ್ವತವಾಗಿ ಆರಾಮ ಕೊಟ್ಟು ಕಳಿಸಿದ್ದರು.

*

ಕ್ಲಿನಿಕ್ಕಿನ ಸಿಸ್ಟರ್ ಒಂದು ತಿಂಗಳು ಸಮಯ ಕೊಟ್ಟಿದ್ದರು. ಅಷ್ಟರಲ್ಲಿ ಗಿಣಿ ಸೂಜಿಯ ಬದಲಿಗೆ ಇನ್ಸುಲಿನ್ ಪಂಪು ಮತ್ತು ಸೆನ್ಸರಿನ ಎರಡು ಜೋಡಿಗಳಲ್ಲಿ ಒಂದನ್ನು ಆರಿಸಬೇಕಿತ್ತು.

ಒಂದು, ಕೊಳವೆಯಿರುವ ಪಂಪು. ಸೊಂಟದಲ್ಲಿ ಕೂತು, ಸಣ್ಣ ಕೊಳವೆಯಿಂದ ಇನ್ಸುಲಿನ್ ಹನಿಸುತ್ತದೆ. ಈಗ ತೋಳಿನಲ್ಲಿರುವ ಸೆನ್ಸರಿನೊಡನೆ ತಾನೇ ಮಾತಾಡಿಕೊಂಡು, ಸಕ್ಕರೆ ಇಳಿಯುವ ಸೂಚನೆ ಸಿಕ್ಕರೆ ಹನಿಸುವುದನ್ನು ನಿಲ್ಲಿಸುತ್ತದೆ. ಆದರೆ ಕೂಗುತ್ತದೆ. ತೀರಾ ಇಳಿದಾಗಿನ ಕೂಗನ್ನು ಆಫ್ ಮಾಡಲು ಬರುವುದಿಲ್ಲ. ಇನ್ನೊಂದು, ಕೊಳವೆಯಿಲ್ಲದೆ ಮೈಗೆ ಅಂಟಿಕೊಳ್ಳುವ ಪಂಪು. ಅದರ ಜೊತೆಯ ಸೆನ್ಸರು ಫೋನ್ ಹತ್ತಿರ ಹಿಡಿದು ಕೇಳಿದರೆ ಮಾತ್ರ ಲೆಕ್ಕ ಹೇಳುತ್ತದೆ. ಕೇಳದಿದ್ದರೆ ತೆಪ್ಪಗಿರುತ್ತದೆ.

"ಒಬ್ಬ ಅಳಿಯ ವಟವಟ ಅಂತಾನೆ, ಇನ್ನೊಬ್ಬ ಬಾಯೇ ಬಿಡಲ್ಲ" ಎಂದು ಅಮ್ಮ ತೀರ್ಪು ಕೊಟ್ಟಿದ್ದಳು. "ಬಾಯಿ ಬಿಡದವನೇ ವಾಸಿ. ನಾಲ್ಕು ಜನಕ್ಕೆ ಗೊತ್ತಾಗಲ್ಲ."

ಸಿಸ್ಟರ್ ಮಾತ್ರ ಗಿಣಿಯ ಮುಖವನ್ನೇ ನೋಡಿದ್ದರು. ಇಷ್ಟು ವರ್ಷಗಳ ಮೇಲೆ, ಸಕ್ಕರೆ ಇಳಿದಾಗ ಆಗಬೇಕಾದ ನಡುಕ, ಬೆವರು ಎಂಬ ಮುನ್ಸೂಚನೆ ಅವಳಿಗೆ ಸರಿಯಾಗಿ ಬರುತ್ತಿಲ್ಲ, ಯಾರಾದರೂ ಕೂಗಿ ಹೇಳುವವರು ಬೇಕು ಎಂದಿದ್ದರು. ಗಿಣಿ ತಲೆಯಾಡಿಸಿ, ಮನಸ್ಸಿನಲ್ಲೇ ಮೌನದ ಜೋಡಿಗೆ ಮುದ್ರೆ ಒತ್ತಿದ್ದಳು.

*

ಕಾದಂಬರಿ ಮುಂದುವರಿಯಿತು. ಸದ್ದಪ್ಪನಿಗೆ ಮನುಷ್ಯರ ಭಾಷೆಯೂ ಬರುತ್ತದೆಂದು ನಿಧಾನವಾಗಿ ಗೊತ್ತಾಯಿತು. ಸದ್ದಿಲ್ಲದೆ ಪುಟ ತಿರುಗಿಸುವುದನ್ನು ಹೇಳಿಕೊಟ್ಟ. ಕಿರುಗುಟ್ಟದ ಕುರ್ಚಿಯೊಂದನ್ನು ಎಲ್ಲಿಂದಲೋ ಹೊತ್ತು ತಂದ. ಖಳನಾಯಕನ ಮಾತನ್ನು ಅವಳು ಮೂಗಿನಲ್ಲಿ ಓದಿದಾಗ ಗಾಜಿನಾಚೆ ಅವನ ಭುಜ ಕುಲುಕಿದ್ದನ್ನು ಗಿಣಿ ನೋಡಿದಳು. ಸದ್ದಿಲ್ಲದೆ ನಗುವವನನ್ನು ಅವಳು ಕಂಡದ್ದು ಅದೇ ಮೊದಲು.

ಒಂದು ವಿಚಿತ್ರ ಮಾತ್ರ ಅವಳನ್ನು ಬೆಚ್ಚಿಬೀಳಿಸುತ್ತಿತ್ತು. ಚೆನ್ನಾಗಿ ಓದುತ್ತಿರುವಾಗ ಅವನು ಥಟ್ಟನೆ ನಿಲ್ಲಿಸುತ್ತಿದ್ದ. "ದನಿ ತೆಳ್ಳಗಾಯ್ತು. ಏನಾದ್ರೂ ತಿಂದು ಬನ್ನಿ." ಹೊರಗೆ ಹೋಗಿ ಡ್ರಾಯರ್ ತೆಗೆದರೆ, ಫೋನಿನ ಪರದೆಯ ಮೇಲೆ ಗೆರೆ ಆಗತಾನೇ ಕೆಳಗೆ ಬಾಗಲು ಶುರುಮಾಡಿರುತ್ತಿತ್ತು.

'ಯಂತ್ರಕ್ಕಿಂತ ಮೊದಲು ಈ ಮನುಷ್ಯನಿಗೆ ಹೇಗೆ ಗೊತ್ತಾಗತ್ತೆ?'

ಆ ಪ್ರಶ್ನೆ ಮನೆಗೂ ಹಿಂಬಾಲಿಸಿತು. ಪಾತ್ರೆ ತೊಳೆಯುವಾಗ ಬಂತು, ತಲೆ ಬಾಚುವಾಗ ಬಂತು. ಅದರ ಹೆಸರೇನೆಂದು ಸಾಲು ಸಾಲು ಪ್ರೇಮಕಾದಂಬರಿ ಓದಿದ್ದ ಗಿಣಿಗೆ ಗೊತ್ತಾಗದೆ ಇರಲು ಅವಳೇನು ದಡ್ಡಿಯಲ್ಲ.

'ಕಾಯಿಲೆಯ ವಿಷಯ ಹೇಳಿಬಿಡಲೇ? ...ಬೇಡ. ಆಮೇಲೆ ಇವನೂ ಕರುಣಾಳುವಾದರೆ?'

*

ಆ ಮಧ್ಯಾಹ್ನ ಅಧ್ಯಾಯ ಮುಗಿಸಲೇಬೇಕೆಂದು ಸ್ಟುಡಿಯೋದ ಯಜಮಾನಿಯ ಅಪ್ಪಣೆಯಾಗಿತ್ತು. ಗಿಣಿ ಓದುತ್ತಲೇ ಇದ್ದಳು. ಸಾಲುಗಳು ಇರುವೆಗಳಂತೆ ಹರಿದಾಡತೊಡಗಿದವು. ನಾಯಕ ಹೇಳಬೇಕಾದದ್ದನ್ನು ನಾಯಕಿ ಹೇಳಿದಳು. ಆಮೇಲೆ ಯಾರೂ ಏನೂ ಹೇಳಲಿಲ್ಲ...

ಕಣ್ಣು ನೆಟ್ಟಗಾದಾಗ ಅವಳು ಬೂತಿನ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ತುಟಿಗೆ ಹಣ್ಣಿನ ರಸದ ಪೊಟ್ಟಣದ ಕಡ್ಡಿ ತಾಗಿತ್ತು. ಹಿಡಿದಿದ್ದ ಕೈ ಸದ್ದಪ್ಪನದು. ತಿನ್ನಲು ಕುಡಿಯಲು ಏನಾದರೂ ಸಿಕ್ಕೀತೆಂದು ಅವಳ ಚೀಲವನ್ನು ಬುಡಮೇಲು ಮಾಡಿದ್ದ. ಲಿಪ್‌ಸ್ಟಿಕ್ಕಿನ ಪಕ್ಕದಲ್ಲಿ ಇನ್ಸುಲಿನ್ ಪೆನ್ನು ನಿರ್ಲಜ್ಜವಾಗಿ ಬಿದ್ದಿತ್ತು.

ಗಿಣಿ ಅದನ್ನು ಸೆರಗಿನಡಿಗೆ ಎಳೆದುಕೊಂಡಳು.

ಅವನು ಅವಳ ಫೋನಿನಿಂದಲೇ ಅಮ್ಮನಿಗೆ ಕರೆ ಮಾಡಿ, ಅಮ್ಮ ಬಂದ ಮೇಲೆ ಆಟೋವರೆಗೂ ಇಳಿದು ಬಂದ. ಬಿಳುಚಿಕೊಂಡ ಆ ಮುಖದಲ್ಲಿ ಏನಿದೆಯೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯದ ಕಡೆ ಮನಸ್ಸು ಕೆಟ್ಟದ್ದನ್ನೇ ಬರೆದುಕೊಳ್ಳುತ್ತದೆ.

ಮರುದಿನ ಬೆಳಗ್ಗೆ ಯಜಮಾನಿಯ ಫೋನು. ಅವರಿಗೂ ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿದಂತಿರಲಿಲ್ಲ. "ನಿಮ್ಮ ರೆಕಾರ್ಡಿಂಗ್ ಮಾಡಲ್ಲ ಅಂತ ಹಟ ಹಿಡಿದು ಕೂತಿದ್ದಾನಮ್ಮ ಅವನು. ಬೂತಿನ ಬಾಗಿಲಿಗೆ ಬೀಗ ಹಾಕಿದ್ದಾನೆ. ಯಾಕೆ ಅಂದ್ರೆ, ಅವರಿಗೇ ಹೇಳ್ತೀನಿ ಅಂತಾನೆ."

ಗಿಣಿಗೆ ಗರ ಬಡಿದಂತಾಯಿತು. ಬೀಗ!

'ಹಿಂದಿನವರು ಆರಾಮ ಅಂದಿದ್ದರು. ಇವನು ಅಷ್ಟೂ ಅನ್ನಲಿಲ್ಲ.'

ಅಳು ಬರಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಮುಖ ತೊಳೆದು ಅಮ್ಮನಿಗೆ ಹೇಳಿದಳು: "ಸಿಸ್ಟರ್ ಕೊಟ್ಟ ತಿಂಗಳು ಇವತ್ತಿಗೆ ಮುಗೀತು. ನಡಿ ಕ್ಲಿನಿಕ್ಕಿಗೆ. ಬಾಯಿ ಬಿಡದ ಅಳಿಯನನ್ನೇ ತರೋಣ."

*

ಸಿಸ್ಟರ್ ಕೋಣೆಯ ಬಾಗಿಲು ತಳ್ಳಿದ ಗಿಣಿ ಅಲ್ಲೇ ಕಲ್ಲಾದಳು.

ಮೇಜಿನ ಮುಂದೆ ಸದ್ದಪ್ಪ ಕೂತಿದ್ದ! ಎದುರಿಗೆ ಎರಡೂ ಜೋಡಿ ಹರಡಿದ್ದವು. ಸಿಸ್ಟರ್ ಅಲಾರ್ಮ್ ಹಾಕಿ ತೋರಿಸುತ್ತಿದ್ದರು. ಕೋಣೆಯ ಆಚೆ ಬೆಂಚಿನಲ್ಲಿದ್ದ ಮುದುಕರೊಬ್ಬರು ಕಿವಿ ಮುಚ್ಚಿಕೊಂಡರು. ನೊಣ ಹಾರಿದರೂ ಹುಬ್ಬು ಗಂಟಿಕ್ಕುವ ಆ ಮನುಷ್ಯ ತಲೆ ಬಾಗಿಸಿ, ಗಮನವಿಟ್ಟು ಕೇಳಿ, ಸಿಸ್ಟರನ್ನು ಒಂದೇ ಒಂದು ಪ್ರಶ್ನೆ ಕೇಳಿದ.

"ಇನ್ನೂ ಜೋರಾಗಿ ಆಗಲ್ವಾ?"

ಗಿಣಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. ತಿರುಗಿ ನೋಡಿದರೆ ಅಮ್ಮ ಗೋಡೆಯ ಕ್ಯಾಲೆಂಡರನ್ನು ಅತ್ಯಂತ ಶ್ರದ್ಧೆಯಿಂದ ಓದುತ್ತಿದ್ದಳು. ನಿನ್ನೆ ಫೋನಿನಲ್ಲಿ ಕಾಯಿಲೆ, ಕ್ಲಿನಿಕ್ಕು, ಇವತ್ತಿನ ಭೇಟಿ ಎಲ್ಲವನ್ನೂ ಅವನಿಗೆ ಒದರಿದ್ದು ಯಾರೆಂದು ಕೇಳಬೇಕಾಗಿರಲಿಲ್ಲ.

"ಬೂತಿಗೆ ಬೀಗ ಹಾಕಿ ಇಲ್ಲಿ ಬಂದು ಅಲಾರ್ಮ್ ಕೇಳ್ತಿದ್ದೀರಾ?" ಗಿಣಿ ಬಾಗಿಲಿನಿಂದಲೇ ಕೇಳಿದಳು. "ರೋಗಿಷ್ಟೆ ಬೇಡ ಅಂದ್ರೆ ನೇರವಾಗಿ ಹೇಳಬಹುದಿತ್ತು."

ಅವನು ಎದ್ದು ನಿಂತ. ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯದೆ ಕುರ್ಚಿಯ ಬೆನ್ನು ಹಿಡಿದ.

"ನಿನ್ನೆ ನಿಮ್ಮ ದನಿ ತೆಳ್ಳಗಾಗಿದ್ದು ನನಗೆ ಕೇಳಿಸ್ತು. ಇನ್ನೊಂದು ಪುಟ ಆಗಲಿ ಅಂದ್ಕೊಂಡೆ."

ಸಿಸ್ಟರ್ ಅಲಾರ್ಮ್ ನಿಲ್ಲಿಸಿದರು.

"ಅಮ್ಮನಿಗೆ ಫೋನ್ ಮಾಡೋಣ ಅಂತ ಡ್ರಾಯರ್ ತೆಗೆದೆ. ಅದು ಒಳಗೆ ಕೂಗ್ತಾ ಇತ್ತು. ಎಷ್ಟು ಹೊತ್ತಿಂದ ಕೂಗ್ತಿತ್ತೋ. ಹೊರಗಿನ ಸದ್ದು ಒಳಗೆ ಬರದ ಹಾಗೆ ಆ ಗೋಡೆ ಕಟ್ಟಿಸಿದ್ದು ನಾನು. ಫೋನ್ ಆಚೆ ಹಾಕಿಸಿದ್ದೂ ನಾನೇ. ನಿಮ್ಮನ್ನ ಕೊಲ್ಲೋದು ಒಂದು ಬಾಕಿ ಇತ್ತು."

ಗಿಣಿಗೆ ನಿನ್ನೆಯ ಬಿಳುಚಿದ ಮುಖದ ಅರ್ಥ ಈಗ ಬಿಡಿಸಿಕೊಂಡಿತು. ಅದು ಹೇಸಿಗೆಯಲ್ಲ, ಭಯ. ಅವಳು ಸಿಸ್ಟರಿನ ಸ್ಟೂಲು ಎಳೆದುಕೊಂಡು ಕೂತಳು.

"ಮತ್ತೆ ಬೀಗ?"

"ಫೋನ್ ಒಳಗಿಡಬಾರದು ಅನ್ನೋ ಬೋರ್ಡ್ ಕಿತ್ತು ಹಾಕಿದ್ದೀನಿ. ಕೂಗೋ ಯಂತ್ರ ಇಲ್ಲದೆ ನಿಮ್ಮನ್ನ ಆ ಬೂತಿನಲ್ಲಿ ಕೂರಿಸಲ್ಲ. ಇದೇ ಹೇಳೋಕೆ ಬಂದೆ." ಎರಡನೇ ಜೋಡಿಯ ಕಡೆ ಕೈ ತೋರಿಸಿ, "ನಿಮಗೆ ಮೌನದ್ದೇ ಬೇಕು ಅಂದ್ರೆ ನಿಮ್ಮಿಷ್ಟ. ಮೈ ನಿಮ್ಮದು. ಆದ್ರೆ ನನಗೋಸ್ಕರ, ನನ್ನ ಮೈಕಿಗೋಸ್ಕರ ಅಂತ ಅದನ್ನ ಆರಿಸಬೇಡಿ."

ಗಿಣಿ ಎರಡು ಜೋಡಿಗಳನ್ನೂ ನೋಡಿದಳು. ಇಷ್ಟು ದಿನ ಯಾರಿಗೂ ಕೇಳಿಸಬಾರದೆಂದು ಆರಿಸುತ್ತಿದ್ದಳು. ಕೇಳಿಸಲಿ ಎನ್ನುವವರು ಒಬ್ಬರಿರಬಹುದೆಂದು ಅವಳ ಲೆಕ್ಕದಲ್ಲೇ ಇರಲಿಲ್ಲ.

ಅವಳ ಬೆರಳು ಕೊಳವೆಯಿದ್ದದ್ದರ ಮೇಲೆ ನಿಂತಿತು.

ಸಿಸ್ಟರ್ ಏನೂ ಆಗದವರಂತೆ ಕನ್ನಡಕ ಏರಿಸಿ, ಅಲಾರ್ಮ್ ಮನೆಯವರ ಫೋನಿಗೂ ಹೋಗುವ ಹಾಗೆ ಮಾಡಬಹುದು, ಯಾರ ನಂಬರು ಹಾಕಲಿ ಎಂದರು. ಅಮ್ಮ ತನ್ನದನ್ನು ಹೇಳಿ, ತಾನು ಮಲಗಿದರೆ ಮನೆ ಬಿದ್ದರೂ ಏಳುವವಳಲ್ಲ, ಇನ್ನೊಂದು ನಂಬರು ಇರಲಿ ಎಂದು ಕ್ಯಾಲೆಂಡರಿಗೆ ಹೇಳಿದಳು.

ಗಿಣಿ ಅವನನ್ನು ನೋಡಿದಳು.

"ನಡುರಾತ್ರಿಯಲ್ಲೂ ಕೂಗತ್ತೆ."

"ಕೂಗಲಿ."

"ಭಾನುವಾರಾನೂ."

"ನನಗೆ ಭಾನುವಾರ ಬೇರೆ ಏನೂ ಕೆಲಸ ಇಲ್ಲ."

"ಎಷ್ಟು ವರ್ಷ ಅಂತ ಕೇಳಿಸ್ಕೋತೀರಿ?"

ಅವನು ಯೋಚಿಸಿದ. ಸದ್ದುಗಳ ವಿಷಯದಲ್ಲಿ ಅವನು ಯಾವತ್ತೂ ಅವಸರದ ಮಾತಾಡಿದವನಲ್ಲ.

"ಅದು ಕೂಗೋ ಅಷ್ಟು ವರ್ಷಾನೂ" ಅಂದ. "ಅದು ಸುಮ್ಮನಿದ್ದಾಗ ನಿಮ್ಮ ದನಿ ಕೇಳ್ತೀನಿ."

ಈಗ ಅಳು ಬಂತು. ಸಿಸ್ಟರ್ ಹತ್ತಿಯ ಸುರುಳಿಯನ್ನು ಅವಳ ಕಡೆ ಸರಿಸಿದರು.

"ನಂಬರ್ ಹೇಳಿ" ಎಂದಳು ಗಿಣಿ, ಮೂಗೊರೆಸಿಕೊಂಡು.

ಅವನು ಹೇಳಿದ.

ಕಾದಂಬರಿ ಕೇಳುಗರನ್ನು ತಲುಪಿದೆ. ಮೊದಲ ಅಧ್ಯಾಯದಲ್ಲಿ ತಾಯಿ ಸಾಯುವ ಜಾಗದಲ್ಲಿ ಒಂದು 'ಟಿಣ್' ಹಾಗೇ ಉಳಿದಿದೆ. ಸೌಂಡ್ ಇಂಜಿನಿಯರ್ ಅದನ್ನು ಅಳಿಸಿಲ್ಲ.